ಹೇರಿನಲ್ಲಿ ಏನಿದೆ ಎಂದು ಕೇಳದ ದಾರಿ

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯನ್ನು ಇವತ್ತು ಎಲ್ಲರೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ನಗರಸಭೆ ಒಂದೇ, ತಾಲ್ಲೂಕು ಒಂದೇ, ಎರಡೂ ಕಡೆ ಬದುಕು ನಡೆಯುವುದು ಮಗ್ಗದ ಮೇಲೆಯೇ. ಆದರೆ 1948ರವರೆಗೆ ಈ ಜೋಡಿ ಊರುಗಳು ಇಬ್ಬರು ರಾಜರ ಕೈಕೆಳಗಿದ್ದವು. ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ತೆಂಕಣಕ್ಕೆ ಹೊರಟರೆ ಬೆಲ್ಲದ ಪೇಟೆ ಮಹಾಲಿಂಗಪುರ ಸಿಗುತ್ತಿತ್ತು. ಅದು ಮುಧೋಳದ ಘೋರ್ಪಡೆ ಅರಸರಿಗೆ ಸೇರಿದ್ದು. ಮೂಡಣದ ಬೀಳಗಿಯಲ್ಲಿ ಬ್ರಿಟಿಷರ ನೇರ ಆಡಳಿತ, ಮೊದಲು ಕಲಾದಗಿ ಜಿಲ್ಲೆ, ಆಮೇಲೆ ವಿಜಾಪುರ ಜಿಲ್ಲೆ. ಸೀರೆಯ ಗಂಟು ಹೊತ್ತು ಸಂತೆಗೆ ಹೊರಟ ವ್ಯಾಪಾರಿ ಕೆಲವೇ ದಿನಗಳಲ್ಲಿ ನಾಲ್ಕು ಸರಕಾರಗಳ ನೆಲ ತುಳಿದು ಬರಬೇಕಿತ್ತು.

ಇಂಥ ಸೀಮೆಯ ಜನರಿಗೆ ದಾರಿ ಎನ್ನುವುದು ಬರೀ ಮಣ್ಣು-ಕಲ್ಲಿನ ಮಾತಾಗಿರಲಿಲ್ಲ. ದಾರಿ ಯಾರದು, ಅದರ ಮೇಲೆ ನಡೆಯಲು ಏನು ಕೊಡಬೇಕು, ಕೊಟ್ಟ ಮೇಲೂ ಹೇರು ಬಿಚ್ಚಿ ತೋರಿಸಬೇಕೇ ಎಂಬ ಪ್ರಶ್ನೆಗಳು ಅನ್ನದ ಪ್ರಶ್ನೆಗಳಾಗಿದ್ದವು. ಕಳೆದ ಹತ್ತು-ಹನ್ನೆರಡು ವರ್ಷಗಳಿಂದ ಭಾರತದಲ್ಲಿ ‘ನೆಟ್ ನ್ಯೂಟ್ರಾಲಿಟಿ’ (ಜಾಲದ ಮೇಲೆ ಸಾಗುವ ಎಲ್ಲವನ್ನೂ ಭೇದವಿಲ್ಲದೆ ಸಾಗಿಸಬೇಕು ಎಂಬ ತತ್ವ) ಎಂಬ ಹೆಸರಿನಲ್ಲಿ ನಡೆದಿರುವ ವಾದವೂ ಇದೇ ಪ್ರಶ್ನೆಗಳನ್ನು ಇಂಟರ್ನೆಟ್ಟಿಗೆ ಕೇಳುತ್ತಿದೆ. ದಿಲ್ಲಿಯ ಕಚೇರಿಗಳಲ್ಲಿ, ಬೆಂಗಳೂರಿನ ಸ್ಟಾರ್ಟ್‌ಅಪ್‌ಗಳಲ್ಲಿ ನಡೆಯುವ ಚರ್ಚೆ ಎಂದು ಅದನ್ನು ಬದಿಗಿಡುವಂತಿಲ್ಲ. ಅದರ ಬೇರು ಹುಡುಕುತ್ತ ಹೋದರೆ ಕೃಷ್ಣಾ-ಘಟಪ್ರಭಾ ನಡುವಿನ ಈ ನೆಲದಲ್ಲೇ ಸಾವಿರ ವರ್ಷ ಹಿಂದಕ್ಕೆ ಹೋಗಬಹುದು.

ಕಲ್ಯಾಣ ಚಾಲುಕ್ಯರ ಕಾಲದ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅವುಗಳನ್ನು ವಸೂಲು ಮಾಡಲು ಬೇರೆ ಬೇರೆ ಅಧಿಕಾರಿಗಳೇ ಇದ್ದರು. ಇದೇ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ಆಗ ದಕ್ಷಿಣ ಭಾರತದ ಉದ್ದಗಲಕ್ಕೆ, ಕಡಲಾಚೆಗೂ ವ್ಯಾಪಾರ ನಡೆಸುತ್ತಿತ್ತು. ರಬಕವಿಗೆ ಸಮೀಪದ ತೇರದಾಳದ 12ನೇ ಶತಮಾನದ ಶಾಸನಗಳಲ್ಲೂ ಈ ಸಂಘದ ಉಲ್ಲೇಖವಿದೆ. ಎತ್ತು, ಕತ್ತೆಗಳ ಮೇಲೆ ಹೇರು ಹಾಕಿಕೊಂಡು ಸಾಲುಸಾಲಾಗಿ ಹೊರಡುತ್ತಿದ್ದ ಈ ವ್ಯಾಪಾರಿಗಳಿಗೆ ಸುಂಕದ ಕಟ್ಟೆ ದಿನನಿತ್ಯದ ಪಾಡು.

ಆ ಶಾಸನಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಇಂಥ ದೇಗುಲಕ್ಕೆ ಸೇರಿದ, ಇಂಥವರಿಗೆ ಸೇರಿದ ಇಷ್ಟು ಎತ್ತಿನ ಹೇರಿಗೆ ಸುಂಕವಿಲ್ಲ ಎಂಬ ವಿನಾಯಿತಿ ಅನೇಕ ಕಡೆ ಕಾಣುತ್ತದೆ. ಅದು ದಾನ, ಅದರಿಂದ ಪುಣ್ಯ ಎಂಬುದು ಆ ಕಾಲದ ನಂಬಿಕೆ. ಪೇಟೆಯ ಲೆಕ್ಕದಲ್ಲಿ ನೋಡಿದರೆ ಅದಕ್ಕೆ ಇನ್ನೊಂದು ಮುಖವಿತ್ತು. ಸುಂಕ ಕೊಟ್ಟು ಬಂದ ಮೆಣಸು, ಸುಂಕ ಕೊಡದೆ ಬಂದ ಮೆಣಸು ಎರಡೂ ಒಂದೇ ಸಂತೆಯಲ್ಲಿ ಇಳಿದರೆ ಎರಡನೆಯದನ್ನು ಅಗ್ಗವಾಗಿ ಮಾರಬಹುದು. ಕಟ್ಟೆಯ ಮೇಲೆ ಕೂತವನು ಯಾರ ಮಾಲನ್ನೂ ತಡೆಯದೆಯೇ ಯಾರು ಗೆಲ್ಲಬೇಕು ಎಂಬುದನ್ನು ತೀರ್ಮಾನಿಸಬಲ್ಲ. ಸುಂಕ ವಸೂಲು ಮಾಡುವ ಕಾಯಕದಲ್ಲಿದ್ದ ಸುಂಕದ ಬಂಕಣ್ಣನೆಂಬ ಶರಣ 12ನೇ ಶತಮಾನದ ವಚನಕಾರರಲ್ಲಿ ಒಬ್ಬನಾಗಿದ್ದನು ಎಂಬುದನ್ನು ನೆನೆದರೆ, ಆ ಕಟ್ಟೆ ಜನರ ಬದುಕಿಗೆ ಎಷ್ಟು ಹತ್ತಿರವಿತ್ತು ಎಂಬುದು ತಿಳಿಯುತ್ತದೆ.

ಶತಮಾನಗಳ ನಂತರ ಬಂದ ಈಸ್ಟ್ ಇಂಡಿಯಾ ಕಂಪನಿ ಸರಕಾರವೂ ಮೊದಮೊದಲು ಹಳೆಯ ಚೌಕಿಗಳನ್ನು ಮುಂದುವರಿಸಿತು. 1830ರ ದಶಕದಲ್ಲಿ ಚಾರ್ಲ್ಸ್ ಟ್ರೆವೆಲಿಯನ್ ಎಂಬ ಅಧಿಕಾರಿ ಬಂಗಾಳ ಪ್ರಾಂತದ ಒಳನಾಡಿನ ಸುಂಕಗಳ ಬಗ್ಗೆ ಬರೆದ ವರದಿ ಪ್ರಸಿದ್ಧವಾಯಿತು. ಕೊಡುವ ಹಣಕ್ಕಿಂತ ತಪಾಸಣೆಯ ಅಧಿಕಾರವೇ ವ್ಯಾಪಾರವನ್ನು ಕೊಲ್ಲುತ್ತಿದೆ ಎಂಬುದು ಅವನ ವಾದದ ತಿರುಳು. ಗಂಟು ಬಿಚ್ಚಿಸುವುದು, ಕಾಯಿಸುವುದು, ಕೈಬೆಚ್ಚಗೆ ಮಾಡಿದವನನ್ನು ಮುಂದೆ ಬಿಡುವುದು ಚೌಕಿಗಳ ನಿತ್ಯದ ವ್ಯವಹಾರವಾಗಿತ್ತು. ಆ ದಶಕದಲ್ಲೂ ಅದರ ಮುಂದಿನ ದಶಕದಲ್ಲೂ ಬಂಗಾಳ, ಮುಂಬಯಿ, ಮದ್ರಾಸ್ ಪ್ರಾಂತಗಳಲ್ಲಿ ಸಾಗಾಣಿಕೆಯ ಸುಂಕಗಳು ಒಂದೊಂದಾಗಿ ರದ್ದಾದವು.

ಆಮೇಲೆ ಬಂದದ್ದು ಅಂಚೆ. 1854ರವರೆಗೆ ಪತ್ರದ ದರ ದೂರದ ಮೇಲೆ ನಿಂತಿತ್ತು. ಆ ವರ್ಷದ ಸುಧಾರಣೆಯಿಂದ ದೂರ ಎಷ್ಟೇ ಇರಲಿ, ಕಾಲು ತೊಲೆ ತೂಕದ ಪತ್ರಕ್ಕೆ ಅರ್ಧ ಆಣೆ ಎಂದಾಯಿತು. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡ್ ಬಂತು. ಬರೆದವನು ಸಾವ್ಕಾರನೋ ಕೂಲಿಯವನೋ, ಒಳಗಿರುವುದು ಮದುವೆಯ ಸುದ್ದಿಯೋ ನೂಲಿನ ಬೇಡಿಕೆಯೋ, ಅಂಚೆಯವನಿಗೆ ಅದು ಸಂಬಂಧವಿಲ್ಲ. ತೂಕ ನೋಡು, ಮುದ್ರೆ ಒತ್ತು, ಸಾಗಿಸು, ಅಷ್ಟೇ ಅವನ ಕೆಲಸ.

ರೈಲು ಈ ತತ್ವವನ್ನು ಕಾನೂನಿನ ಭಾಷೆಗೆ ತಂದಿತು. 1884ರಲ್ಲಿ ಗದಗ-ಹೋಟಗಿ ಮಾರ್ಗ ತೆರೆದಾಗ ಬಾಗಲಕೋಟೆ, ವಿಜಾಪುರಗಳಿಗೆ ರೈಲು ಬಂತು. ಹಳಿ ಒಂದೇ ಕಂಪನಿಯ ಕೈಯಲ್ಲಿ. ಅದು ಮನಸ್ಸು ಮಾಡಿದರೆ ಒಬ್ಬ ಹತ್ತಿ ವ್ಯಾಪಾರಿಗೆ ವ್ಯಾಗನ್ ಬೇಗ ಕೊಟ್ಟು ಇನ್ನೊಬ್ಬನನ್ನು ವಾರಗಟ್ಟಲೆ ಕಾಯಿಸಬಹುದು; ಒಬ್ಬನಿಗೆ ಗುಟ್ಟಾಗಿ ಬಾಡಿಗೆ ಇಳಿಸಿ ಇನ್ನೊಬ್ಬನ ಅಂಗಡಿ ಮುಚ್ಚಿಸಬಹುದು. 1890ರ ಭಾರತೀಯ ರೈಲ್ವೆ ಕಾಯ್ದೆಯ 42ನೇ ಕಲಮು ಇದಕ್ಕೇ ತಡೆ ಹಾಕಿತು. ಯಾವುದೇ ವ್ಯಕ್ತಿಗಾಗಲಿ, ಯಾವುದೇ ಬಗೆಯ ಸರಕಿಗಾಗಲಿ ರೈಲ್ವೆ ಆಡಳಿತ ಅನುಚಿತ ಆದ್ಯತೆ ಕೊಡಕೂಡದು ಎಂದು ಅದು ವಿಧಿಸಿತು. ಸ್ವತಂತ್ರ ಭಾರತದ 1989ರ ರೈಲ್ವೆ ಕಾಯ್ದೆಯ 70ನೇ ಕಲಮಿನಲ್ಲೂ ಈ ನಿಷೇಧ ಉಳಿದಿದೆ. ಪ್ರಕಟವಾದ ದರ ಎಲ್ಲರಿಗೂ ಒಂದೇ ಇದ್ದರೆ ಹೆಚ್ಚು ಬಾಡಿಗೆಗೆ ಬೇಗ ಸಾಗಿಸುವುದು ತಪ್ಪಲ್ಲ. ಮುಖ ನೋಡಿ ಮಣೆ ಹಾಕುವುದು ತಪ್ಪು.

ಅಮೆರಿಕದಲ್ಲೂ ಇದೇ ದಾರಿ. ಅಲ್ಲಿನ 1860ರ ಟೆಲಿಗ್ರಾಫ್ ಕಾಯ್ದೆ, ಸರಕಾರಿ ಸಂದೇಶಗಳನ್ನು ಬಿಟ್ಟು ಉಳಿದವನ್ನೆಲ್ಲ ಬಂದ ಸರದಿಯಲ್ಲೇ ನಿಷ್ಪಕ್ಷಪಾತವಾಗಿ ಕಳಿಸಬೇಕು ಎಂದಿತ್ತು. ಟೆಲಿಫೋನಿನ ಕಾಲದಲ್ಲಿ ಅಲ್ಮನ್ ಸ್ಟ್ರೌಜರ್ ಎಂಬ ಶವಸಂಸ್ಕಾರದ ವ್ಯಾಪಾರಿಗೆ ಒಂದು ಅನುಮಾನ ಕಾಡಿತು: ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನ ಆಪರೇಟರ್ ಎದುರಾಳಿಗೆ ತಿರುಗಿಸುತ್ತಿದ್ದಾಳೆ! ಅದಕ್ಕೆ ಅವನು ಹುಡುಕಿದ ಪರಿಹಾರವೇ ಆಪರೇಟರ್ ಬೇಡದ ಸ್ವಯಂಚಾಲಿತ ಎಕ್ಸ್‌ಚೇಂಜ್. 1891ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಭಾರತದ ಹಳೆಯ ಎಕ್ಸ್‌ಚೇಂಜುಗಳಲ್ಲೂ ಬಹುಕಾಲ ಟಕಟಕ ಎನ್ನುತ್ತಿದ್ದುದು ಸ್ಟ್ರೌಜರನ ವ್ಯವಸ್ಥೆಯೇ.

ಇತ್ತ ನಮ್ಮ ಸೀಮೆಯಲ್ಲಿ, 1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ, ಸಾಂಗ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿಹೋದವು. 1956ರಲ್ಲಿ ಈ ಭಾಗ ವಿಶಾಲ ಮೈಸೂರಿಗೆ ಬಂತು. ಸಂಸ್ಥಾನದ ಗಡಿ ಅಳಿದರೂ ಊರಬಾಗಿಲ ಜಕಾತಿ ನಾಕಾ ಅಳಿಯಲಿಲ್ಲ. ಕರ್ನಾಟಕದಲ್ಲಿ ಜಕಾತಿ ರದ್ದಾದದ್ದು 1979ರಲ್ಲಿ. ಫೋನಿನ ಪಾಡಂತೂ ಬೇರೆಯೇ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕಿತ್ತು. ಅವಸರವಿದ್ದರೆ ಅರ್ಜೆಂಟ್ ಕಾಲ್, ಇನ್ನೂ ಅವಸರವಿದ್ದರೆ ಹಲವು ಪಟ್ಟು ದರದ ಲೈಟ್ನಿಂಗ್ ಕಾಲ್. ಹಳ್ಳಿಗೆ ಫೋನ್ ಒಯ್ಯುವ ಕೆಲಸಕ್ಕೆ 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ತನ್ನ ಮೊದಲ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಹಾಕಿದ್ದು ಇಲ್ಲಿಂದ ಬಹಳ ದೂರವಲ್ಲದ ಕಿತ್ತೂರಿನಲ್ಲಿ, 1986ರಲ್ಲಿ. ಧೂಳು, ಬಿಸಿಲು, ಹವಾನಿಯಂತ್ರಣವಿಲ್ಲದ ಕೋಣೆ ಇವನ್ನೆಲ್ಲ ತಾಳಿಕೊಳ್ಳುವ ಯಂತ್ರ ಅದು. ಮುಂದಿನ ಹತ್ತು ವರ್ಷಗಳಲ್ಲಿ ಊರೂರಿಗೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಗಾಜಿನ ಗೂಡಿನಲ್ಲಿ ನಿಂತು ಪುಣೆಯ ವ್ಯಾಪಾರಿಯೊಂದಿಗೆ ಮಾತಾಡಲಿ, ಗೋವಾಕ್ಕೆ ದುಡಿಯಲು ಹೋದ ಮಗನೊಂದಿಗೆ ಮಾತಾಡಲಿ, ಕೆಂಪು ಅಂಕಿಯ ಮೀಟರು ಓಡುತ್ತಿದ್ದುದು ದೂರ ಮತ್ತು ಹೊತ್ತಿನ ಲೆಕ್ಕದಲ್ಲಿ ಮಾತ್ರ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಭಾರತದ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಅದೂ ಇದೇ ಸಂಪ್ರದಾಯದಲ್ಲಿ ಬಂತು. ಬನಹಟ್ಟಿಯ ನೇಕಾರ ಒಂದು ಸೀರೆಯ ಫೋಟೊ ಕಳಿಸಿದಾಗ ಆಗುವುದೇನು? ಮೂರು ಲಕ್ಷ ಬೈಟಿನ ಚಿತ್ರ ಸುಮಾರು ಇನ್ನೂರು ತುಣುಕುಗಳಾಗುತ್ತದೆ. ಪ್ರತಿ ತುಣುಕಿನ ತಲೆಯ ಮೇಲೆ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸ. ಟವರಿನಿಂದ ಕೇಬಲ್ಲಿಗೆ, ಕೇಬಲ್ಲಿನಿಂದ ರೌಟರಿಗೆ ಹಾರುತ್ತ ಅವು ಕೆಲವೊಮ್ಮೆ ಬೇರೆ ಬೇರೆ ದಾರಿ ಹಿಡಿದು ಹೋಗಿ ಕೊಳ್ಳುವವರ ಫೋನಿನಲ್ಲಿ ಮತ್ತೆ ಒಂದಾಗುತ್ತವೆ. ನಡುವಿನ ಯಂತ್ರಗಳು ವಿಳಾಸ ಮಾತ್ರ ಓದಿ ಮುಂದೆ ದಾಟಿಸಬೇಕು ಎಂಬುದು ಮೊದಲಿನಿಂದ ಬಂದ ರೂಢಿ.

ಆದರೆ ಯಂತ್ರಗಳು ಬಲಿತವು. ಯಾವ ತುಣುಕು ಯಾವ ಆ್ಯಪಿನದು, ಯಾವ ಕಂಪನಿಯದು ಎಂದು ಗುರುತಿಸುವುದು ಕ್ಷಣದ ಕೆಲಸವಾಯಿತು. ಗುರುತಿಸಲು ಬಂದರೆ ತಡೆಯಲು, ನಿಧಾನಿಸಲು, ಬೇರೆ ದರ ಹಾಕಲು ಕೂಡ ಬಂತು. 2007ರಲ್ಲಿ ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ಬಿಟ್‌ಟೊರೆಂಟ್ ಬಳಸುವವರ ಸಂಪರ್ಕವನ್ನು ಗುಟ್ಟಾಗಿ ಕಡಿಯುತ್ತಿತ್ತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಅದನ್ನು ಪರೀಕ್ಷಿಸಲು ಕಳಿಸಿದ್ದು ಬೈಬಲ್ಲಿನ ಪಠ್ಯವನ್ನು. ಹಕ್ಕುಸ್ವಾಮ್ಯದ ತಕರಾರೇ ಇಲ್ಲದ ಆ ಗ್ರಂಥವೂ ಸಲೀಸಾಗಿ ದಾಟಲಿಲ್ಲ. ಅಷ್ಟರಲ್ಲಾಗಲೇ, 2003ರಲ್ಲಿ, ಟಿಮ್ ವೂ ಎಂಬ ಕಾನೂನು ಪ್ರಾಧ್ಯಾಪಕರು ಇಂಥ ಭೇದ ಕೂಡದೆಂಬ ವಾದಕ್ಕೆ ‘ನೆಟ್‌ವರ್ಕ್ ನ್ಯೂಟ್ರಾಲಿಟಿ’ ಎಂಬ ಹೆಸರು ಕೊಟ್ಟಿದ್ದರು. 2010ರಲ್ಲಿ ಚಿಲಿ ದೇಶ ಇದನ್ನು ಕಾನೂನು ಮಾಡಿತು.

ಭಾರತದಲ್ಲಿ ಕಿಡಿ ಹೊತ್ತಿದ್ದು 2014ರ ಡಿಸೆಂಬರಿನಲ್ಲಿ. ಇಂಟರ್ನೆಟ್ ಮೂಲಕ ಮಾಡುವ ಕರೆಗಳಿಗೆ ಬೇರೆ ದರ ಹಾಕುವುದಾಗಿ ಏರ್‌ಟೆಲ್ ಪ್ರಕಟಿಸಿತು. ಜನ ಸಿಟ್ಟಿಗೆದ್ದಾಗ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. 2015ರ ಮಾರ್ಚ್ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇಪ್ಪತ್ತು ಪ್ರಶ್ನೆಗಳ ಸಮಾಲೋಚನಾ ಪತ್ರ ಹೊರಡಿಸಿತು. ಏಪ್ರಿಲ್ ಮುಗಿಯುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್‌ಗಳು ಅದಕ್ಕೆ ಬಂದು ಬಿದ್ದವು. ಅದೇ ಏಪ್ರಿಲಿನಲ್ಲಿ ಏರ್‌ಟೆಲ್ ಇನ್ನೊಂದು ಯೋಜನೆ ತಂದಿತು. ಕಂಪನಿಗಳು ಹಣ ಕಟ್ಟಿದರೆ ಅವರ ಆ್ಯಪನ್ನು ಗ್ರಾಹಕರು ಡೇಟಾ ಖರ್ಚಿಲ್ಲದೆ ಬಳಸಬಹುದು. ಕೈಜೋಡಿಸಲು ಹೊರಟಿದ್ದ ಫ್ಲಿಪ್‌ಕಾರ್ಟ್ ಜನರ ವಿರೋಧ ಕಂಡು ಹಿಂದೆ ಸರಿಯಿತು.

ಇದಕ್ಕಿಂತ ದೊಡ್ಡ ಪರೀಕ್ಷೆ ಫೇಸ್‌ಬುಕ್ಕಿನದು. 2015ರ ಫೆಬ್ರುವರಿಯಲ್ಲಿ ಅದು ರಿಲಯನ್ಸ್ ಕಮ್ಯುನಿಕೇಶನ್ಸ್ ಜತೆಗೂಡಿ ಇಂಟರ್ನೆಟ್.ಆರ್ಗ್ ಆರಂಭಿಸಿತು. ಆರು ರಾಜ್ಯಗಳಲ್ಲಿ ಮೂವತ್ತೆಂಟು ಜಾಲತಾಣಗಳು ಉಚಿತ. ಆ ಆರರಲ್ಲಿ ಮಹಾರಾಷ್ಟ್ರವಿತ್ತು, ಕರ್ನಾಟಕವಿರಲಿಲ್ಲ. ಕನ್ನಡ ಮಾತಾಡುವ ಊರುಗಳಿರುವ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಫೋನಿಗೆ ಸಿಕ್ಕಿದ್ದು ಅಲ್ಲಿಂದ ಬಹಳ ದೂರವಲ್ಲದ ಜಮಖಂಡಿ ಸೀಮೆಯ ಫೋನಿಗೆ ಇಲ್ಲ. ಸಂಸ್ಥಾನಗಳ ಗಡಿ ಅಳಿದು ಅರವತ್ತೇಳು ವರ್ಷಗಳಾದ ಮೇಲೆ, ಕಂಪನಿಯೊಂದರ ಪಟ್ಟಿ ಅದೇ ನೆಲದಲ್ಲಿ ಹೊಸ ಗಡಿ ಎಳೆದಿತ್ತು. ವರ್ಷದ ಕೊನೆಗೆ ‘ಫ್ರೀ ಬೇಸಿಕ್ಸ್’ ಎಂಬ ಹೊಸ ಹೆಸರಿನಲ್ಲಿ ಅದನ್ನು ದೇಶಕ್ಕೆಲ್ಲ ಹರಡುವ ಪ್ರಯತ್ನ ನಡೆಯಿತು.

ಬಡವರಿಗೆ ಏನೂ ಇಲ್ಲದಿರುವುದಕ್ಕಿಂತ ಸ್ವಲ್ಪವಾದರೂ ಸಿಗಲಿ ಎಂಬುದು ಫ್ರೀ ಬೇಸಿಕ್ಸ್ ಪರವಾದ ವಾದ. ಇದನ್ನು ತಳ್ಳಿಹಾಕುವುದು ಸರಿಯಲ್ಲ. 2014ರಲ್ಲಿ ಒಂದು ಜಿಬಿ ಡೇಟಾಕ್ಕೆ ಸರಾಸರಿ 269 ರೂಪಾಯಿ ಆಗುತ್ತಿತ್ತು. ಮಗ್ಗದ ಕೂಲಿಯವನಿಗೆ ಅದು ಭಾರವೇ. ಆದರೆ ಆ ‘ಸ್ವಲ್ಪ’ದಲ್ಲಿ ಏನಿತ್ತು ಎಂದು ಹತ್ತಿರದಿಂದ ನೋಡಬೇಕು. ಪಟ್ಟಿಗೆ ಸೇರಬಯಸುವ ಜಾಲತಾಣಗಳಿಗೆ ಫೇಸ್‌ಬುಕ್ ಹಾಕಿದ ಷರತ್ತುಗಳಲ್ಲಿ ವಿಡಿಯೊ ಇರಕೂಡದು, ದೊಡ್ಡ ಚಿತ್ರಗಳು ಇರಕೂಡದು ಎಂಬುವೂ ಸೇರಿದ್ದವು.

ಈಗ ಒಬ್ಬ ನೇಕಾರನ ಕಡೆಯಿಂದ ಯೋಚಿಸಬೇಕು. ರಬಕವಿ-ಬನಹಟ್ಟಿಯ ಬಹುಪಾಲು ಕುಟುಂಬಗಳ ದುಡಿಮೆ ಬಹುಕಾಲದಿಂದ ಮಜೂರಿಯ ಮೇಲೆ ನಡೆದಿದೆ. ಸಾವ್ಕಾರ ನೂಲು ಕೊಡುತ್ತಾನೆ, ನೇಯ್ದ ಸೀರೆ ಒಯ್ಯುತ್ತಾನೆ, ಸೀರೆಗಿಷ್ಟು ಎಂದು ಮಜೂರಿ ಕೊಡುತ್ತಾನೆ. ಕೊಳ್ಳುವವರು ಯಾರು, ಅವರು ಕೊಟ್ಟದ್ದೆಷ್ಟು ಎಂಬುದು ಮಗ್ಗದ ಮನೆಗೆ ತಿಳಿಯುವುದೇ ಇಲ್ಲ. ಫೋನ್ ಬಂದ ಮೇಲೆ ತಾನೇ ಗಿರಾಕಿಯನ್ನು ಹುಡುಕುವ ದಾರಿಯೊಂದು ಕಂಡಿತು. ಆ ದಾರಿಯ ಮೇಲೆ ಸಾಗುವ ಸರಕು ಫೋಟೊ. ಸೆರಗಿನ ಗೆರೆ ಎಷ್ಟು ಒತ್ತಾಗಿದೆ, ಅಂಚಿನ ಬಣ್ಣ ಮೈಬಣ್ಣಕ್ಕೆ ಹೇಗೆ ಕೂಡಿದೆ, ನೂಲು ನಯವೋ ಒರಟೋ, ಇದೆಲ್ಲ ಕಾಣುವಷ್ಟು ದೊಡ್ಡ ಫೋಟೊ ಇಲ್ಲದೆ ಸೀರೆ ಮಾರಾಟವಾಗದು. ಅಕ್ಷರ ದಾಟಿಸಿ ದೊಡ್ಡ ಚಿತ್ರವನ್ನು ತಡೆಯುವ ಉಚಿತ ಇಂಟರ್ನೆಟ್ ಅವನನ್ನು ಇನ್ನೊಬ್ಬರ ಸರಕು ನೋಡುವವನನ್ನಾಗಿ ಮಾಡುತ್ತಿತ್ತೇ ಹೊರತು ತನ್ನ ಸರಕು ತೋರಿಸುವವನನ್ನಾಗಿ ಅಲ್ಲ.

ಮುಧೋಳ ನಾಯಿ ಸಾಕುವವರದೂ ಇದೇ ಮಾತು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ಈ ತಳಿಯ ಓಟ, ಮೈಕಟ್ಟುಗಳನ್ನು ತೋರಿಸಲು ವಿಡಿಯೊಗಿಂತ ಒಳ್ಳೆಯ ಸಾಕ್ಷಿಯಿಲ್ಲ.

2016ರ ಫೆಬ್ರುವರಿ 8ರಂದು ಟ್ರಾಯ್ ತೀರ್ಪು ಕೊಟ್ಟಿತು. ಯಾವ ವಿಷಯ ನೋಡುತ್ತೀರಿ ಎಂಬುದರ ಮೇಲೆ ಡೇಟಾಕ್ಕೆ ಬೇರೆ ಬೇರೆ ದರ ಹಾಕುವಂತಿಲ್ಲ. ಹಾಕಿದರೆ ದಿನಕ್ಕೆ 50,000 ರೂಪಾಯಿಯಂತೆ 50 ಲಕ್ಷದವರೆಗೆ ದಂಡ. ತುರ್ತು ಸೇವೆಗಳಿಗೆ ವಿನಾಯಿತಿ ಇತ್ತು. ಮೂರೇ ದಿನಗಳಲ್ಲಿ ಫ್ರೀ ಬೇಸಿಕ್ಸ್ ಭಾರತದಿಂದ ಹೊರಟಿತು. 2017ರ ನವೆಂಬರಿನಲ್ಲಿ ಟ್ರಾಯ್ ತಡೆ, ನಿಧಾನ, ಆದ್ಯತೆಗಳ ವಿರುದ್ಧವೂ ಶಿಫಾರಸು ಮಾಡಿತು. 2018ರ ಜುಲೈನಲ್ಲಿ ಅದಕ್ಕೆ ಸರಕಾರದ ಒಪ್ಪಿಗೆ ಸಿಕ್ಕಿ, ಸೆಪ್ಟೆಂಬರಿನಲ್ಲಿ ಕಂಪನಿಗಳ ಲೈಸೆನ್ಸಿನ ಷರತ್ತುಗಳೇ ಬದಲಾದವು. ಹೆಚ್ಚು ವೇಗಕ್ಕೆ, ಹೆಚ್ಚು ಡೇಟಾಕ್ಕೆ ಹೆಚ್ಚು ಹಣ ಕೇಳುವುದನ್ನು ಈ ನಿಯಮಗಳು ತಡೆಯುವುದಿಲ್ಲ. ಹಣ ಪಡೆದ ಮೇಲೆ ಆ ಡೇಟಾದಲ್ಲಿ ಯಾರ ಮನೆಗೆ ಹೋಗುತ್ತೀರಿ ಎಂದು ಕೇಳುವುದನ್ನು ತಡೆಯುತ್ತವೆ. ಹಳಿಯ ಮೇಲಿನ 1890ರ ಕಾಯ್ದೆಯ ತತ್ವ ಹೀಗೆ ಟವರಿಗೂ ಬಂತು.

ಪಟ್ಟಿಯಿಲ್ಲದೆ ಬಡವರಿಗೆ ಇಂಟರ್ನೆಟ್ ಸಿಗದು ಎಂಬ ಭಯವನ್ನು ಮುಂದಿನ ಎರಡು ವರ್ಷಗಳೇ ನಿವಾರಿಸಿದವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಪೈಪೋಟಿ ಹೆಚ್ಚಿದ ಮೇಲೆ 269 ರೂಪಾಯಿಯ ಜಿಬಿ 2018ರ ಹೊತ್ತಿಗೆ 12 ರೂಪಾಯಿಯ ಆಸುಪಾಸಿಗೆ ಇಳಿಯಿತು. ಅಗ್ಗವಾದದ್ದು ಇಡೀ ಇಂಟರ್ನೆಟ್, ಅದರ ಒಂದು ಮೂಲೆಯಲ್ಲ.

ಅದರ ಬೆಲೆ ತಿಳಿದದ್ದು 2020ರ ಲಾಕ್‌ಡೌನಿನಲ್ಲಿ. ಸಂತೆ ನಿಂತಿತು, ಬಸ್ಸು ನಿಂತಿತು, ಮಗ್ಗ ನಿಂತಿತು. 2010-11ರ ರೈಲ್ವೆ ಬಜೆಟ್ಟಿನಲ್ಲಿ ಮಂಜೂರಾದ 142 ಕಿಲೋಮೀಟರಿನ ಬಾಗಲಕೋಟೆ-ಕುಡಚಿ ಮಾರ್ಗ ದಶಕ ಕಳೆದರೂ ಜಮಖಂಡಿ, ಬನಹಟ್ಟಿಗಳನ್ನು ಮುಟ್ಟಿರಲಿಲ್ಲ. ರೈಲು ಕಾಣದ ಈ ಸೀಮೆಗೆ ಫೋನೊಂದೇ ತೆರೆದ ದಾರಿಯಾಯಿತು. ನೇಕಾರರ ನೆರವಿನ 2,000 ರೂಪಾಯಿಯ ಅರ್ಜಿಗೆ ಸರಕಾರದ ‘ಸೇವಾ ಸಿಂಧು’ ತಾಣ, ಪಹಣಿಗೆ ‘ಭೂಮಿ’ ತಾಣ, ಮಕ್ಕಳ ಪಾಠಕ್ಕೆ ಯಾವ್ಯಾವುದೋ ಆ್ಯಪು, ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು ಚದುರಿದ ಬೀಳಗಿ ಭಾಗದ ಕುಟುಂಬಗಳಿಗೆ ವಿಡಿಯೊ ಕರೆ. ಯಾವ ಕಂಪನಿಯೂ ಹಣ ಕಟ್ಟಿ ವೇಗದ ಸಾಲಿಗೆ ಸೇರಿಸದ ತಾಣಗಳೇ ಇವುಗಳಲ್ಲಿ ಹೆಚ್ಚು.

ವಾದ ಇನ್ನೂ ಮುಗಿದಿಲ್ಲ. ಹೆಚ್ಚು ಡೇಟಾ ಹರಿಸುವ ದೊಡ್ಡ ತಾಣಗಳು ನೆಟ್‌ವರ್ಕಿನ ಖರ್ಚಿಗೆ ಪಾಲು ಕೊಡಬೇಕು ಎಂದು ಭಾರತದ ಮೊಬೈಲ್ ಕಂಪನಿಗಳು 2023ರಿಂದ ಒತ್ತಾಯಿಸುತ್ತ ಬಂದಿವೆ. 5ಜಿಯಲ್ಲಿ ಒಂದೇ ಜಾಲವನ್ನು ಬೇರೆ ಬೇರೆ ಗುಣಮಟ್ಟದ ಪದರಗಳಾಗಿ ಹೋಳು ಮಾಡುವ ತಂತ್ರವೂ ಬಂದಿದೆ. ಅಮೆರಿಕದಲ್ಲಿ 2015ರ ನಿಯಮ 2017ರಲ್ಲಿ ರದ್ದಾಗಿ, 2024ರಲ್ಲಿ ಮರಳಿ, 2025ರ ಜನವರಿಯಲ್ಲಿ ನ್ಯಾಯಾಲಯದಲ್ಲಿ ಮತ್ತೆ ಬಿದ್ದುಹೋಯಿತು. ದಕ್ಷಿಣ ಕೊರಿಯಾದಲ್ಲಿ ತಾಣಗಳು ನೆಟ್‌ವರ್ಕ್ ಶುಲ್ಕ ಕಟ್ಟಬೇಕು. ಅದು ಬೇರೆ ದೇಶಗಳಿಗಿಂತ ಹತ್ತು ಪಟ್ಟು ಎಂದು ಹೇಳಿ ಟ್ವಿಚ್ ಎಂಬ ವಿಡಿಯೊ ಸಂಸ್ಥೆ 2024ರ ಫೆಬ್ರುವರಿಯಲ್ಲಿ ಆ ದೇಶವನ್ನೇ ಬಿಟ್ಟಿತು. ದೊಡ್ಡ ಕಂಪನಿಗೇ ಹೀಗಾದರೆ, ಅಂಥ ಶುಲ್ಕ ಸುತ್ತಿ ಬಳಸಿ ಬಂದು ಬೀಳುವುದು ಗ್ರಾಹಕರ ಮೇಲೆ ಮತ್ತು ಸಣ್ಣ ತಾಣಗಳ ಮೇಲೆ.

ಟ್ರಾಯ್ ಇಂಥ ಪ್ರತಿ ವಿಷಯಕ್ಕೂ ಸಮಾಲೋಚನಾ ಪತ್ರ ಹೊರಡಿಸಿ, ಬಂದ ಅಭಿಪ್ರಾಯಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಮೊಬೈಲ್ ಕಂಪನಿಗಳ ಉತ್ತರ ಪುಟಗಟ್ಟಲೆ ಇರುತ್ತದೆ. ಮುಂದಿನ ಪತ್ರ ಬಂದಾಗ ಬನಹಟ್ಟಿಯ ನೇಕಾರರ ಸಹಕಾರಿ ಸಂಘಗಳು, ಮಹಾಲಿಂಗಪುರದ ಬೆಲ್ಲದ ಅಡತಿ ವರ್ತಕರು, ಮುಧೋಳದ ಕಬ್ಬು ಬೆಳೆಗಾರರು, ಜಮಖಂಡಿಯ ಕಾಲೇಜುಗಳು ತಮ್ಮ ಲೆಟರ್‌ಹೆಡ್ಡಿನಲ್ಲಿ ಒಂದೊಂದು ಪುಟ ಬರೆಯಬೇಕು. ಕೇಳಬೇಕಾದದ್ದು ಮೂರು: 2016ರ ದರ ನಿಯಮ ಸಡಿಲವಾಗಬಾರದು, ತಾಣಗಳ ಮೇಲೆ ಸಾಗಾಣಿಕೆ ಶುಲ್ಕ ಬೇಡ, 5ಜಿಯ ಯಾವ ಪದರಕ್ಕೆ ಯಾರು ಎಷ್ಟು ಕೊಟ್ಟರು ಎಂಬ ದರಪಟ್ಟಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗಬೇಕು.